ಗಿರಾಕಿ ಎದುರಿಗೆ ನಿಂತಾಗ ಕೈಕೊಡಬಾರದು: ವಿಂಡೋಸ್, ಲಿನಕ್ಸ್, ಮ್ಯಾಕ್, ಯಾರಿಗೆ ಯಾವುದು?

"ಅಣ್ಣಾರ, ಟೆನ್ ಅಂತೂ ಹೋತು. ಈಗ ಇಲೆವೆನ್ ಹಾಕಿಸ್ಲೋ, ಆ ಲಿನಕ್ಸ್ ಅಂತಾರಲ್ಲ ಅದನ್ನ ಹಾಕಿಸ್ಲೋ? ಯಾವ್ದು ಕೈಕೊಡಂಗಿಲ್ಲ, ಅದನ್ನಷ್ಟ ಹೇಳ್ರಿ."

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಅಲ್ಲಿಂದ ಈಚೆ ನನ್ನ ಫೋನಿಗೆ ಈ ಪ್ರಶ್ನೆ ಬರೋದು ಮಾತ್ರ ನಿಂತಿಲ್ಲ. ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಕೇಳುವವರಲ್ಲಿ ಗದಗದ ಡಿಟಿಪಿ ಅಂಗಡಿಯವರಿದ್ದಾರೆ, ಬ್ಯಾಡಗಿಯ ಮೆಣಸಿನಕಾಯಿ ದಲಾಲರಿದ್ದಾರೆ, ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದುವ ಹುಡುಗರಿದ್ದಾರೆ, ರಿಟೈರ್ ಆದ ಮಾಸ್ತರರಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಹೇಳಿದರೆ ಅರ್ಧ ಜನಕ್ಕೆ ಮೋಸ ಮಾಡಿದ ಹಾಗೆ.

ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಕಥೆ ಹೇಳಿಬಿಡುತ್ತೇನೆ. "ವಿಂಡೋಸ್ ತಾಸಿಗೊಮ್ಮೆ ಬಂದ್ ಆಗ್ತೈತ್ರಿ. ಲಿನಕ್ಸ್ ಹಾಕಿದ್ರ ಚಲೋ ಅಂತ ನಮ್ಮ ಅಳಿಯಾ ಹೇಳ್ಯಾನ" ಅಂದರು ಅಲ್ಲಿನ ಕಾಕಾ. ನಾನು ಸಿಪಿಯು ಡಬ್ಬಿಯ ಮುಚ್ಚಳ ಬಿಚ್ಚಿದೆ. ಬಿಚ್ಚಿದ್ದೇ ತಡ, ನಾನೂ ಕಾಕಾನೂ ಇಬ್ಬರೂ ಸೀನೋಕೆ ಶುರು. ಪ್ರೊಸೆಸರ್ ಮೇಲಿನ ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪಗೆ ಮೆಣಸಿನ ಧೂಳು ಕೂತಿತ್ತು. ಕೆಳಗಿನ ಅಲ್ಯೂಮಿನಿಯಂ ಸಂದುಗಳು ಪೂರ್ತಿ ಮುಚ್ಚಿ ಹೋಗಿದ್ದವು. ಗಾಳಿ ಆಡದೆ ಪ್ರೊಸೆಸರ್ ಕಾಯುತ್ತಿತ್ತು, ಕಾದಾಗ ಬೋರ್ಡು ತನ್ನನ್ನು ಉಳಿಸಿಕೊಳ್ಳಲು ಕರೆಂಟ್ ಕಡಿಯುತ್ತಿತ್ತು. ಬ್ಲೋವರ್ ಹಿಡಿದು ಧೂಳು ಹೊಡೆದು, ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಅದೇ ವಿಂಡೋಸ್ ಓಡಿತು. ಅಳಿಯನ ಮಾತು ಕೇಳಿ ಲಿನಕ್ಸ್ ಹಾಕಿದ್ದರೆ ಲಿನಕ್ಸೂ ತಾಸಿಗೊಮ್ಮೆ ಬಂದ್ ಆಗುತ್ತಿತ್ತು.

ಹಾಗಾಗಿ ಓಎಸ್ (ವಿಂಡೋಸ್, ಲಿನಕ್ಸ್‌ನಂಥ, ಮೆಷಿನ್ ನಡೆಸುವ ಮೂಲ ಸಾಫ್ಟ್‌ವೇರ್) ಬದಲಿಸುವ ಮುಂಚೆ ನಾಲ್ಕು ಕೆಲಸ ಮಾಡಿ. ಧೂಳು ತೆಗೆಸಿ. ರ‍್ಯಾಮ್ ಕಿತ್ತು ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ಆನ್ ಮಾಡಿದಾಗ ತಾರೀಖು ಹಳೆಯದು ತೋರಿಸಿದರೆ, ಯಾವ ವೆಬ್‌ಸೈಟ್ ತೆಗೆದರೂ "ಸುರಕ್ಷಿತ ಅಲ್ಲ" ಅಂದರೆ, ಬೋರ್ಡಿನಲ್ಲಿರುವ ಸಿಆರ್ 2032 ಸೆಲ್ ಬದಲಿಸಿ. ರೂಪಾಯಿ ನಾಣ್ಯದಂಥದ್ದು, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ನಾಲ್ಕನೆಯದು ಡಿಸ್ಕ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ನೀಲಿ ಬಣ್ಣದಲ್ಲಿ 'ಗುಡ್' ಅಂದರೆ ಸರಿ. ಹಳದಿ ಬಣ್ಣದಲ್ಲಿ 'ಕಾಶನ್' ಬಂದರೆ ಮೊದಲು ಫೈಲ್ ಕಾಪಿ ಮಾಡಿಕೊಳ್ಳಿ, ಮಿಕ್ಕಿದ್ದು ಆಮೇಲೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದರೆ "ಓಎಸ್ ಸರಿ ಇಲ್ಲ" ಅನ್ನುವ ದೂರುಗಳಲ್ಲಿ ಬಹುಪಾಲು ಅಲ್ಲೇ ಮುಗಿಯುತ್ತವೆ.

ಇಷ್ಟೆಲ್ಲ ಮಾಡಿಯೂ ಆಯ್ಕೆಯ ಪ್ರಶ್ನೆ ಉಳಿದಿದ್ದರೆ ಮುಂದೆ ಓದಿ.

ಯಾವ ಅಳತೆಯಲ್ಲಿ ನೋಡಬೇಕು?

ವಿಂಡೋಸ್ ಬಿದ್ದಾಗ ಬರುವ ಬ್ಲೂ ಸ್ಕ್ರೀನ್ ಎಷ್ಟು ಸಲ ಬಂತು ಅಂತ ಎಣಿಸುವ ಕಾಲ ಹೋಯಿತು. (ಬ್ಲೂ ಕೂಡ ಹೋಯಿತು. 2025ರಲ್ಲಿ ಬಂದ ಅಪ್‌ಡೇಟ್‌ನಿಂದ ವಿಂಡೋಸ್ 11ರಲ್ಲಿ ಅದು ಕಪ್ಪು ಸ್ಕ್ರೀನ್ ಆಗಿದೆ.) ಡಿಸ್ಕ್, ರ‍್ಯಾಮ್, ಡ್ರೈವರ್ ಸರಿಯಿದ್ದರೆ ಇವತ್ತು ಯಾವ ದೊಡ್ಡ ಓಎಸ್ ಕೂಡ ಸುಮ್ನೆ ಬೀಳುವುದಿಲ್ಲ. ನಾನು ಕೇಳುವ ಪ್ರಶ್ನೆಗಳೇ ಬೇರೆ.

ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತಿ ಆನ್ ಮಾಡಿದರೆ ಕೆಲಸಕ್ಕೆ ಸಿಗುತ್ತದಾ, ಇಲ್ಲಾ ಅಪ್‌ಡೇಟ್ ಅಂತ ಚಕ್ರ ತಿರುಗಿಸುತ್ತಾ ಕೂರುತ್ತದಾ? ಕರೆಂಟ್ ಹೋದರೆ ಏನಾಗುತ್ತದೆ? ನೀವು ಹೊಟ್ಟೆಪಾಡಿಗೆ ನಂಬಿರುವ ಸಾಫ್ಟ್‌ವೇರ್, ಪ್ರಿಂಟರ್, ಡಿಜಿಟಲ್ ಸಹಿಯ (ಡಿಎಸ್‌ಸಿ) ಟೋಕನ್ ಅದರಲ್ಲಿ ನಡೆಯುತ್ತವಾ? ಕೆಟ್ಟರೆ ನಿಮ್ಮೂರಲ್ಲಿ ಅದನ್ನು ಯಾರು ಎಬ್ಬಿಸುತ್ತಾರೆ, ಎಷ್ಟು ಹೊತ್ತಿಗೆ? ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಎಷ್ಟು ವರ್ಷ ಬರುತ್ತದೆ, ಅದಕ್ಕೆ ಎಷ್ಟು ದುಡ್ಡು?

ಇದರಲ್ಲಿ ನಾಲ್ಕನೆಯದನ್ನು ಜನ ಮರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ವರ್ಷಕ್ಕೆ ಎರಡು ಸಲ ಕೆಟ್ಟು ಅರ್ಧ ತಾಸಿನಲ್ಲಿ ಎದ್ದು ನಿಲ್ಲುವ ಮೆಷಿನ್ ವಾಸಿ. ಮೂರು ವರ್ಷಕ್ಕೊಮ್ಮೆ ಕೆಟ್ಟು ಬೆಂಗಳೂರಿಗೆ ಹೋಗಿ ಬರುವ ಮೆಷಿನ್ ಅಂಗಡಿಯವರಿಗೆ ಆಗಿಬರುವುದಿಲ್ಲ.

ಮೊದಲು ಕರೆಂಟ್ ವಿಷಯ

ಏಪ್ರಿಲ್–ಮೇ ತಿಂಗಳ ಅಡ್ಡಮಳೆ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಸಂಜೆ ನಾಲ್ಕಕ್ಕೆ ಗಾಳಿ ಎದ್ದು, ಗುಡುಗು ಹೊಡೆದು, ಕರೆಂಟ್ ಮೂರು ಸಲ ಹೋಗಿ ಬರುತ್ತದೆ. ಆ ಹೋಗಿ ಬರುವುದೇ ಡಿಸ್ಕಿಗೆ ಕಷ್ಟ.

ಇಲ್ಲಿ ಓಎಸ್‌ಗಳ ನಡುವೆ ವ್ಯತ್ಯಾಸ ಇದೆ, ಆದರೆ ಜನ ಅಂದುಕೊಂಡಷ್ಟಿಲ್ಲ. ಹಳೆಯ ಅಂಗಡಿಗಳಲ್ಲಿ ಕಿರ್ದಿ ಮತ್ತು ಖಾತೆ ಅಂತ ಎರಡು ಪುಸ್ತಕ ಇರುತ್ತಿದ್ದವಲ್ವಾ? ವ್ಯವಹಾರ ಆದ ಕೂಡಲೇ ಕಿರ್ದಿಯಲ್ಲಿ ಬರೆಯುವುದು, ಆಮೇಲೆ ಖಾತೆಗೆ ಏರಿಸುವುದು. ಖಾತೆ ಬರೆಯುವಾಗ ದೀಪ ಆರಿದರೆ ಚಿಂತೆಯಿಲ್ಲ, ಕಿರ್ದಿ ನೋಡಿ ಸರಿ ಮಾಡಬಹುದು. ವಿಂಡೋಸ್‌ನ ಎನ್‌ಟಿಎಫ್‌ಎಸ್, ಹೆಚ್ಚಿನ ಲಿನಕ್ಸ್‌ಗಳ ಎಕ್ಸ್ಟ್4, ಎರಡೂ ಹೀಗೆ ಕಿರ್ದಿ ಇಟ್ಟುಕೊಂಡೇ ಡಿಸ್ಕಿಗೆ ಬರೆಯುತ್ತವೆ. ಮ್ಯಾಕ್‌ನ ಎಪಿಎಫ್‌ಎಸ್, ಫೆಡೋರಾ ಅನ್ನುವ ಲಿನಕ್ಸ್ 2020ರಿಂದ ಬಳಸುವ ಬಿಟಿಆರ್‌ಎಫ್‌ಎಸ್ ಇನ್ನೊಂದು ಹೆಜ್ಜೆ ಮುಂದೆ. ಅವು ಹಳೆಯ ಪುಟವನ್ನು ಮುಟ್ಟುವುದೇ ಇಲ್ಲ. ಹೊಸ ಪುಟದಲ್ಲಿ ಪೂರ್ತಿ ಬರೆದು ಮುಗಿಸಿ, ಆಮೇಲೆ ಹಳೆಯದನ್ನು ಕೈಬಿಡುತ್ತವೆ.

ಆದರೆ ಕಿರ್ದಿ ಉಳಿಸುವುದು ಫೈಲುಗಳ ಕಟ್ಟನ್ನು ಮಾತ್ರ. ನೀವು ಸೇವ್ ಮಾಡದೆ ಟೈಪ್ ಮಾಡುತ್ತಿದ್ದ ಲಗ್ನಪತ್ರಿಕೆ ಯಾವ ಓಎಸ್‌ನಲ್ಲೂ ವಾಪಸ್ ಬರುವುದಿಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ವಿಂಡೋಸ್ ಸಾಮಾನ್ಯವಾಗಿ ತಾನೇ ಹಿಂದಿನ ಸ್ಥಿತಿಗೆ ಹೋಗುತ್ತದೆ, ಟೈಮ್ ಹಿಡಿಯುತ್ತದೆ ಅಷ್ಟೇ. ಮಿಂಟ್, ಉಬುಂಟು ಅನ್ನುವ ಲಿನಕ್ಸ್‌ಗಳಲ್ಲಿ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆಗೆದು ಒಂದು ಸಾಲು ಬರೆಯಬೇಕಾಗಬಹುದು. ಗೊತ್ತಿದ್ದವರಿಗೆ ಎರಡು ನಿಮಿಷ, ಗೊತ್ತಿಲ್ಲದವರಿಗೆ ಎರಡು ದಿನ.

600 ವಿಎ ಯುಪಿಎಸ್ ಮೂರು ಸಾವಿರದ ಆಸುಪಾಸು. ಅದನ್ನು ತಗೊಳ್ಳದೆ "ಯಾವ ಓಎಸ್ ಗಟ್ಟಿ" ಅಂತ ಕೇಳುವವರಿಗೆ ನಾನು ಮೊದಲು ಯುಪಿಎಸ್ಸೇ ಬರೆದುಕೊಡುತ್ತೇನೆ. ಗುಡುಗು ಶುರುವಾದರೆ ಪವರ್ ಪ್ಲಗ್ ಜೊತೆ ನೆಟ್ ಕೇಬಲ್ ಕೂಡ ಕೀಳಿ. ಸಿಡಿಲಿನ ಹೊಡೆತ ಅಲ್ಲಿಂದಲೂ ಒಳಗೆ ಬರುತ್ತದೆ.

ವಿಂಡೋಸ್ 11: ಟ್ಯಾಲಿ, ನುಡಿ, ಟೋಕನ್ ಇದ್ದವರಿಗೆ

ನಿಮ್ಮ ಲೆಕ್ಕಪತ್ರದ ಕೆಲಸ ಟ್ಯಾಲಿಯಲ್ಲಿ ನಡೆಯುತ್ತಿದ್ದರೆ ಚರ್ಚೆ ಮುಗಿಯಿತು. ಟ್ಯಾಲಿಪ್ರೈಮ್ ವಿಂಡೋಸ್‌ಗೆಂದೇ ಇರುವ ಸಾಫ್ಟ್‌ವೇರ್. ಲಿನಕ್ಸ್‌ನಲ್ಲಿ ವೈನ್ ಅನ್ನುವ ಸಾಫ್ಟ್‌ವೇರ್ ಹಾಕಿ ಅದನ್ನು ಓಡಿಸುವ ಹುಡುಗರಿದ್ದಾರೆ. ಅವರ ಹುರುಪು ಮೆಚ್ಚುತ್ತೇನೆ, ಆದರೆ ಅಂಗಡಿಯ ಲೆಕ್ಕವನ್ನು ಅದರ ಮೇಲೆ ಇಡಬೇಡಿ. ಕನ್ನಡ ಟೈಪಿಂಗ್‌ನ ನುಡಿ, ಬರಹ ಎರಡೂ ವಿಂಡೋಸ್ ಕೂಸುಗಳೇ. ಗದಗ–ಬೆಟಗೇರಿಯ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಪುಟ ಕಟ್ಟುವ ಪೇಜ್‌ಮೇಕರ್ 7 ಓಡುತ್ತದೆ, 2001ರ ಸರಕು ಅದು. ಹಳೆಯ ನುಡಿ ಫಾಂಟಿನಲ್ಲಿ ಹತ್ತಾರು ವರ್ಷದ ಲಗ್ನಪತ್ರಿಕೆ, ಬಿಲ್‌ಬುಕ್ ಫೈಲುಗಳು ಅದರಲ್ಲೇ ಕೂತಿವೆ. ಗಿರಾಕಿ ಬಂದು "ಹಿರಿಮಗನ ಲಗ್ನದ್ದ ಹಂಗ ಮಾಡ್ರಿ, ಹೆಸರು ತಾರೀಖು ಅಷ್ಟ ಬದಲಾಸ್ರಿ" ಅಂದರೆ ಆ ಫೈಲ್ ತೆರೆಯಲೇಬೇಕು.

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ಕ್ಕೆ. ಅದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. 4 ಜಿಬಿ ಅನ್ನೋದು ಕಾಗದದ ಮಾತು, 8 ಇಲ್ಲದೆ ಕೂರಬೇಡಿ. ಪ್ರೊಸೆಸರ್ ಇಂಟೆಲ್ ಆದರೆ 8ನೇ ಪೀಳಿಗೆ ಅಥವಾ ಮುಂದಿನದು. ಗೊತ್ತು ಮಾಡಿಕೊಳ್ಳೋದು ಸುಲಭ. ಐ5-7400 ಅಂತಿದ್ದರೆ ಗೀಟಿನ ನಂತರದ ಮೊದಲ ಅಂಕಿ 7, ಅಂದರೆ 7ನೇ ಪೀಳಿಗೆ, ಆಗಲ್ಲ. ಐ5-8400 ಆಗುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಈ ಒಂದು ಅಂಕಿ ನೋಡಿ (ಗೀಟಿನ ನಂತರ ಐದು ಅಂಕಿಯಿದ್ದರೆ ಮೊದಲ ಎರಡು). ಕಡಿಮೆ ರೇಟಿಗೆ ಸಿಗುವ 6, 7ನೇ ಪೀಳಿಗೆಯ ಡಬ್ಬಿಗಳು ಕಡಿಮೆಗೆ ಸಿಗುವುದು ಸುಮ್ಮನೆ ಅಲ್ಲ.

ಹಳೆ ಮೆಷಿನ್‌ಗೂ ರೂಫಸ್ ಅನ್ನುವ ಸಾಫ್ಟ್‌ವೇರ್ ಬಳಸಿ ಹನ್ನೊಂದು ಹಾಕಿಕೊಡುವವರು ಪ್ರತಿ ಊರಲ್ಲೂ ಇದ್ದಾರೆ. ನಾನೂ ಮನೆ ಬಳಕೆಗೆ ಹಾಕಿಕೊಟ್ಟಿದ್ದೇನೆ. ಓಡುತ್ತದೆ. ಆದರೆ ಅಂಥ ಮೆಷಿನ್‌ಗೆ ಅಪ್‌ಡೇಟ್ ಬರುವ ಭರವಸೆ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಕೋರ್ 2 ಡ್ಯುಯೊದಷ್ಟು ಹಳೆಯದಾದರೆ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಕೂಡ ಆಗುವುದಿಲ್ಲ. ಲೆಕ್ಕಪತ್ರದ ಮೆಷಿನ್‌ಗೆ ಈ ಆಟ ಬೇಡ.

ಇನ್ನು ಎಲ್ಲರ ಗೋಳು, ಅಪ್‌ಡೇಟ್. ವಿಂಡೋಸ್‌ನ ತಿಂಗಳ ಅಪ್‌ಡೇಟ್ ಬರುವುದು ಎರಡನೇ ಮಂಗಳವಾರ, ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆ ಮೇಲೆ. ಅಂದರೆ ಅಂಗಡಿಯ ಮೆಷಿನ್ ಅದನ್ನು ಕಾಣುವುದು ಬುಧವಾರ ಬೆಳಿಗ್ಗೆ. ಎರಡನೇ ಮಂಗಳವಾರ 8ರಿಂದ 14ರ ನಡುವೆ ಬೀಳುತ್ತದೆ. ತಿಂಗಳಿಗೊಮ್ಮೆ ಜಿಎಸ್‌ಟಿಆರ್-1 ಹಾಕುವವರಿಗೆ ಕೊನೆ ದಿನ 11. ಜಿಎಸ್‌ಟಿಆರ್-3ಬಿಗೆ 20. ಲೆಕ್ಕದವರ ತಲೆಬಿಸಿಯ ವಾರಕ್ಕೇ ಅಪ್‌ಡೇಟ್ ಬಂದು ಕೂರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಇದಕ್ಕೆ ಮದ್ದಿದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ 'ಪಾಸ್' (Pause) ಒತ್ತಿದರೆ ಐದು ವಾರದವರೆಗೆ ನಿಲ್ಲಿಸಬಹುದು, ಹೋಮ್ ಆವೃತ್ತಿಯಲ್ಲೂ. ಪ್ರತಿ ತಿಂಗಳ ಕೊನೆಯ ಭಾನುವಾರ ನೀವೇ ಕೂತು ಅಪ್‌ಡೇಟ್ ಹಾಕಿ, ಮತ್ತೆ ಪಾಸ್ ಮಾಡಿ. ಆ ಹೊತ್ತಿಗೆ ಯಾವ ಅಪ್‌ಡೇಟ್ ಯಾವ ಪ್ರಿಂಟರ್ ಕೆಡಿಸಿತು ಅನ್ನೋದು ಊರಿಗೆಲ್ಲ ಗೊತ್ತಾಗಿರುತ್ತದೆ, ತಿದ್ದಿದ್ದೂ ಬಂದಿರುತ್ತದೆ. ಅದರ ಜೊತೆಗೆ 'ಆ್ಯಕ್ಟಿವ್ ಅವರ್ಸ್' ಬೆಳಿಗ್ಗೆ 8ರಿಂದ ರಾತ್ರಿ 11 ಅಂತ ಇಡಿ. ಆ ವೇಳೆಯಲ್ಲಿ ಅಪ್‌ಡೇಟ್‌ಗಾಗಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ.

ಇನ್ನೊಂದು ಸಣ್ಣ ಗುಟ್ಟು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಒತ್ತಿದಾಗ ಅದು ಪೂರ್ತಿ ಆರುವುದಿಲ್ಲ. ಒಳಗಿನ ತಿರುಳನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಂಡು ಬರುತ್ತದೆ. ನಿನ್ನೆಯ ಗಂಟು ಇವತ್ತಿಗೂ ಉಳಿಯುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಹೊಸದಾಗಿ ಏಳುತ್ತದೆ. "ದಿನಾ ಬಂದ್ ಮಾಡ್ತೀನ್ರಿ, ಆದ್ರೂ ಪ್ರಿಂಟರ್ ಹಿಡಿಯವಲ್ದು" ಅನ್ನುವವರಿಗೆ ನಾನು ಫೋನಿನಲ್ಲೇ ಹೇಳುವುದು ಇದೊಂದೇ. ಹತ್ತರಲ್ಲಿ ಆರು ಸಲ ಪುಕ್ಕಟೆ ಸರ್ವಿಸ್ ಆಗಿಬಿಡುತ್ತದೆ.

ನಿಮ್ಮ ಮೆಷಿನ್ ನಿಜಕ್ಕೂ ಎಷ್ಟು ಗಟ್ಟಿ ಅಂತ ನೋಡಬೇಕಾ? ಸ್ಟಾರ್ಟ್‌ನಲ್ಲಿ 'ರಿಲಯಬಿಲಿಟಿ' ಅಂತ ಹುಡುಕಿ, 'ವ್ಯೂ ರಿಲಯಬಿಲಿಟಿ ಹಿಸ್ಟರಿ' ತೆಗೆಯಿರಿ. ದಿನದಿನದ್ದೂ ಗ್ರಾಫ್ ಇದೆ. 1ರಿಂದ 10ರ ಅಂಕ. ಏನಾದರೂ ಬಿದ್ದ ದಿನ ಕೆಂಪು ಗುಂಡಿನಲ್ಲಿ ಅಡ್ಡ ಗುರುತು. ಅದರ ಮೇಲೆ ಒತ್ತಿದರೆ ಯಾವ ಸಾಫ್ಟ್‌ವೇರ್ ಬಿತ್ತು ಅಂತ ಹೆಸರು ಸಮೇತ ಬರುತ್ತದೆ. ಎಷ್ಟೋ ಸಲ ಅಲ್ಲಿರುವುದು ವಿಂಡೋಸ್ ಹೆಸರಲ್ಲ, ಎಲ್ಲಿಂದಲೋ ಇಳಿಸಿಕೊಂಡ ಪುಕ್ಕಟೆ ಸಾಫ್ಟ್‌ವೇರ್‌ನದ್ದು.

ಆಂಟಿವೈರಸ್ ಮೇಲೆ ಆಂಟಿವೈರಸ್ ಹಾಕುವ ಚಾಳಿ ಬಿಡಿ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಸಾಫ್ಟ್‌ವೇರ್‌ನ ಒಂದು ತಪ್ಪು ಫೈಲಿನಿಂದ 85 ಲಕ್ಷ ವಿಂಡೋಸ್ ಮೆಷಿನ್‌ಗಳು ಮಕಾಡೆ ಬಿದ್ದವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅದು ವಿಂಡೋಸ್‌ನದ್ದೇ ತಪ್ಪಲ್ಲ, ಆದರೆ ಇಂಥ ಸಾಫ್ಟ್‌ವೇರ್ ಓಎಸ್‌ನ ತಿರುಳಿನೊಳಗೇ ಕೂತು ಕೆಲಸ ಮಾಡುತ್ತದೆ. ಅದು ಬಿದ್ದರೆ ಇಡೀ ಮನೆ ಬೀಳುತ್ತದೆ. ಸಣ್ಣ ಅಂಗಡಿಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು.

ಹೊಸ ವಿಂಡೋಸ್ 11 ಮೆಷಿನ್ ತಗೊಂಡ ದಿನವೇ ಮಾಡಬೇಕಾದ ಕೆಲಸ ಒಂದಿದೆ. 24ಎಚ್2ನಿಂದ ಈಚೆಗೆ, ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಹೊಸದಾಗಿ ಸೆಟಪ್ ಮಾಡಿದರೆ ಡಿಸ್ಕಿಗೆ ತಾನೇ ಬೀಗ ಬೀಳುತ್ತದೆ. ಬೀಗದ ಕೈ 48 ಅಂಕಿಯ ರಿಕವರಿ ಕೀ, ಅದು ಆ ಅಕೌಂಟಿನಲ್ಲಿ ಇರುತ್ತದೆ. ಹಾವೇರಿಯ ಒಬ್ಬ ಮಾಸ್ತರರ ಮೆಷಿನ್‌ಗೆ ಬೋರ್ಡ್ ಬದಲಿಸಿದಾಗ ಅದು ಕೀ ಕೇಳಿತು. ಸೆಟಪ್ ಮಾಡಿದ ಅಳಿಯ ಪುಣೆಯಲ್ಲಿ. ಯಾವ ಇಮೇಲ್ ಹಾಕಿದ್ದೆ ಅಂತ ಅವನಿಗೂ ನೆನಪಿಲ್ಲ. ಮೊಮ್ಮಗಳ ಜವಳದ ಫೋಟೋಗಳು ಒಳಗೇ ಉಳಿದವು. ನನ್ನ ಕೈಯಲ್ಲೂ ಆಗಲಿಲ್ಲ, ಯಾರ ಕೈಯಲ್ಲೂ ಆಗುವುದಿಲ್ಲ. ಆ ಕೀಯನ್ನು ಇವತ್ತೇ ಪ್ರಿಂಟ್ ತೆಗೆದು ಎಲ್‌ಐಸಿ ಬಾಂಡ್ ಇಡುವ ಜಾಗದಲ್ಲಿ ಇಡಿ.

ಖರ್ಚು: ಹೋಮ್ ಲೈಸೆನ್ಸ್ ಬಿಡಿಯಾಗಿ ತಗೊಂಡರೆ ಹತ್ತು ಸಾವಿರ ದಾಟುತ್ತದೆ. ಬ್ರ್ಯಾಂಡೆಡ್ ಮೆಷಿನ್ ಜೊತೆ ಬಂದರೆ ಅದರಲ್ಲೇ ಸೇರಿರುತ್ತದೆ. ಕ್ರ್ಯಾಕ್ ಹಾಕಿದ ವಿಂಡೋಸ್ ಬಗ್ಗೆ ಒಂದೇ ಮಾತು. ಆ ಆ್ಯಕ್ಟಿವೇಟರ್ ಓಡಿಸಲು ಮೊದಲು ಡಿಫೆಂಡರ್ ಆಫ್ ಮಾಡಿ ಅನ್ನುತ್ತಾರೆ. ಕಳ್ಳನಿಗೆ ನಾಯಿ ಕಟ್ಟಿ ಬಾಗಿಲು ತೆಗೆದಂತೆ.

ವಿಂಡೋಸ್ 10ರಲ್ಲೇ ಉಳಿಯಬಹುದಾ?

ಸ್ವಲ್ಪ ದಿನ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ ಇಟ್ಟಿದ್ದಾರೆ. ಅದು ಯೋಚನೆ ಮಾಡಲು ಸಿಕ್ಕ ಸಮಯ, ಅಷ್ಟೇ. ನೆಟ್ಟೇ ಇಲ್ಲದ ಮೆಷಿನ್ ಆದರೆ ಬೇರೆ ಮಾತು. ಪೇಜ್‌ಮೇಕರ್‌ಗಾಗಿ ಒಂದು ಹಳೆಯ ಡಬ್ಬಿಯನ್ನು ನೆಟ್ ಕೇಬಲ್ ಕಿತ್ತು ಮೂಲೆಯಲ್ಲಿ ಇಟ್ಟುಕೊಂಡವರಿದ್ದಾರೆ. ಅದು ಜಾಣತನ. ಪೆನ್‌ಡ್ರೈವ್ ಮೂಲಕ ವೈರಸ್ ಬರದಂತೆ ನೋಡಿಕೊಳ್ಳಿ.

ಲಿನಕ್ಸ್ ಮಿಂಟ್: ಹಳೆ ಮೆಷಿನ್, ಬ್ರೌಸರ್ ಕೆಲಸ, ಖಾಲಿ ಜೇಬು

8ನೇ ಪೀಳಿಗೆಗಿಂತ ಹಿಂದಿನ ಮೆಷಿನ್ ಇದ್ದು, ಕೆಲಸವೆಲ್ಲ ಬ್ರೌಸರ್‌ನಲ್ಲೇ ನಡೆಯುತ್ತಿದ್ದರೆ ನಾನು ಕಣ್ಣುಮುಚ್ಚಿ ಹೇಳುವುದು ಮಿಂಟ್. ನೋಡಲು ಹಳೆಯ ವಿಂಡೋಸ್ ತರಹವೇ ಇದೆ, ಕೆಳಗೆ ಪಟ್ಟಿ, ಎಡಗಡೆ ಮೆನು. ಮಿಂಟ್ 22 ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಇದೆ, ದುಡ್ಡಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಹಗುರ. 8 ಇದ್ದರೆ ಸಿನಮನ್.

ಗಟ್ಟಿತನದಲ್ಲಿ ಮಿಂಟ್‌ನ ಎರಡು ಗುಣ ನನಗೆ ಇಷ್ಟ. ಒಂದು, ಅಪ್‌ಡೇಟ್ ಬಂದಿದೆ ಅಂತ ಮೂಲೆಯಲ್ಲಿ ಒಂದು ಗುರಾಣಿ ಗುರುತು ತೋರಿಸಿ ಸುಮ್ಮನಿರುತ್ತದೆ. ಯಾವಾಗ ಹಾಕಬೇಕು ನಿಮ್ಮಿಷ್ಟ. ಹಾಕುವಾಗಲೂ ಕೆಲಸ ಮಾಡುತ್ತಿರಬಹುದು. ಎರಡು, ಟೈಮ್‌ಶಿಫ್ಟ್. ಇವತ್ತು ಸಿಸ್ಟಮ್ ಹೇಗಿದೆಯೋ ಹಾಗೆ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ನಾಳೆ ಏನಾದರೂ ಕೆಟ್ಟರೆ ಆ ದಿನಕ್ಕೆ ವಾಪಸ್. ಹೊಸ ಕರ್ನಲ್ (ಓಎಸ್‌ನ ತಿರುಳು) ಹಿಡಿಸದಿದ್ದರೆ ಆನ್ ಆಗುವಾಗ ಬರುವ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿಕೊಳ್ಳಬಹುದು. ಟೈಮ್‌ಶಿಫ್ಟ್ ಉಳಿಸುವುದು ಸಿಸ್ಟಮ್ ಅನ್ನು, ನಿಮ್ಮ ಫೋಟೋ, ಪತ್ರಗಳನ್ನಲ್ಲ. ಅವುಗಳಿಗೆ ಬೇರೆ ಬ್ಯಾಕಪ್ ಬೇಕು.

ಈಗ ನಾನು ಎಡವಿದ ಕಥೆ. ಒಂದು ಝೆರಾಕ್ಸ್ ಅಂಗಡಿಗೆ ದೊಡ್ಡ ಉತ್ಸಾಹದಲ್ಲಿ ಮಿಂಟ್ ಹಾಕಿಕೊಟ್ಟೆ. ಎರಡು ತಾಸಿನಲ್ಲಿ ಎಲ್ಲ ಸರಿ ಹೋಯಿತು. ಚಹಾ ಕುಡಿದು ಬಸ್ ಹತ್ತಿದೆ. ಬಸ್ ಅಣ್ಣಿಗೇರಿ ದಾಟಿರಲಿಲ್ಲ, ಅಂಗಡಿಯ ಅಕ್ಕಾರ ಫೋನ್. "ಪ್ರಿಂಟ್ ಬರವಲ್ದು ನೋಡ್ರಿ, ಆರು ಮಂದಿ ನಿಂತಾರ." ಪ್ರಿಂಟರ್ ಪಟ್ಟಿಯಲ್ಲಿ ಹೆಸರಿತ್ತು, ಅಷ್ಟಕ್ಕೇ ನಾನು ಖುಷಿಪಟ್ಟಿದ್ದೆ. ಒಂದು ಹಾಳೆ ತೆಗೆದು ನೋಡಿರಲಿಲ್ಲ. ಮರುದಿನ ಹೋಗಿ ವಿಂಡೋಸ್ ವಾಪಸ್ ಹಾಕಿಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ತಗೊಳ್ಳೋಕೆ ಮುಖವೂ ಇರಲಿಲ್ಲ.

ಅದಾದ ಮೇಲೆ ಕಲಿತದ್ದು: ಲಿನಕ್ಸ್‌ನಲ್ಲಿ ಗಟ್ಟಿತನದ ಅರ್ಧ ಭಾಗ ನಿಮ್ಮ ಪ್ರಿಂಟರ್ ಮೇಲೆ ನಿಂತಿದೆ. ಎಚ್‌ಪಿಯ ಬಹಳಷ್ಟು ಮಾಡೆಲ್‌ಗಳಿಗೆ ಎಚ್‌ಪ್ಲಿಪ್ ಅನ್ನುವ ಡ್ರೈವರ್ ಇದೆ, ಚೆನ್ನಾಗಿ ನಡೆಯುತ್ತದೆ. ಲೇಸರ್‌ಜೆಟ್ 1020ಯಂಥವಕ್ಕೆ ಅದರ ಜೊತೆ ಒಂದು ಪ್ಲಗಿನ್ ಕೂಡ ಹಾಕಬೇಕು. ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಅನ್ನುವ ತನ್ನದೇ ಭಾಷೆ ಆಡುತ್ತದೆ. ವಿಂಡೋಸ್‌ನಲ್ಲಿ ಅದು ಕುದುರೆ. ಲಿನಕ್ಸ್‌ನಲ್ಲಿ ಅದನ್ನು ಓಡಿಸುವುದು ತಾಳ್ಮೆಯ ಕೆಲಸ, ನಾನಂತೂ ಅಂಗಡಿಗಳಿಗೆ ಬೇಡ ಅನ್ನುತ್ತೇನೆ.

ಕನ್ನಡ ಟೈಪಿಂಗ್ ಬಗ್ಗೆ ಭಯ ಬೇಡ. ಐಬಸ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್ ಹಾಕಿಕೊಂಡರೆ ಇನ್‌ಸ್ಕ್ರಿಪ್ಟ್ ಇದೆ, ನುಡಿಯ ಕೆಜಿಪಿ ಕೀಬೋರ್ಡ್ ಜೋಡಣೆಯೂ ಇದೆ. ಒತ್ತಕ್ಷರ ಸರಿಯಾಗಿ ಕೂರುತ್ತದೆ. ಕಷ್ಟ ಬರುವುದು ಹಳೆಯ ನುಡಿ ಫಾಂಟಿನ ಫೈಲುಗಳಿಗೆ. ಅವು ಯೂನಿಕೋಡ್ ಅಲ್ಲ, ಪರಿವರ್ತನೆ ಮಾಡಬೇಕು, ಮಾಡಿದ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಪುಸ್ತಕ, ಪತ್ರಿಕೆಯ ಪುಟ ಕಟ್ಟಲು ಸ್ಕ್ರೈಬಸ್ ಇದೆ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಹೊಸದಾಗಿ ಶುರು ಮಾಡುವವರು ಇದನ್ನು ನೋಡಬಹುದು. ಇಪ್ಪತ್ತು ವರ್ಷ ಪೇಜ್‌ಮೇಕರ್‌ನಲ್ಲಿ ಬೆರಳು ಪಳಗಿಸಿದವರಿಗೆ ಹೇಳಿ ಬೈಸಿಕೊಳ್ಳುವ ಧೈರ್ಯ ನನಗಿಲ್ಲ.

ಮತ್ತೆ ಆ ನಾಲ್ಕನೇ ಪ್ರಶ್ನೆ. ಮಿಂಟ್ ಕೆಟ್ಟರೆ ಯಾರು? ಹುಬ್ಬಳ್ಳಿ–ಧಾರವಾಡದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಐಐಟಿ ಇದೆ, ಲಿನಕ್ಸ್ ಗೊತ್ತಿರುವ ಹುಡುಗರು ಸಿಗುತ್ತಾರೆ. ಶಿಗ್ಗಾಂವಿಯಲ್ಲೋ ರೋಣದಲ್ಲೋ ಇದ್ದರೆ ಹಾಕಿಸುವ ಮುಂಚೆಯೇ ಅಂಥ ಒಬ್ಬ ಮನುಷ್ಯನ ನಂಬರ್ ಇಟ್ಟುಕೊಳ್ಳಿ.

ಉಬುಂಟು, ಡೆಬಿಯನ್, ಫೆಡೋರಾ ಅಂತ ಕೇಳುವವರೂ ಇದ್ದಾರೆ. ಉಬುಂಟುವಿನ ಎಲ್‌ಟಿಎಸ್ (ಹೆಚ್ಚು ಕಾಲ ಅಪ್‌ಡೇಟ್ ಸಿಗುವ) ಆವೃತ್ತಿ ಎರಡು ವರ್ಷಕ್ಕೊಮ್ಮೆ ಬಂದು ಐದು ವರ್ಷ ನಡೆಯುತ್ತದೆ. ಮನೆಯವರಿಗೆ ಐದು ಮೆಷಿನ್‌ವರೆಗೆ ಪುಕ್ಕಟೆ ಸಿಗುವ ಉಬುಂಟು ಪ್ರೊ ಸೇರಿಸಿಕೊಂಡರೆ ಹತ್ತು ವರ್ಷ. ಕಚೇರಿಯಲ್ಲಿ ಒಂದೇ ತರಹದ ಹತ್ತು ಮೆಷಿನ್ ನೋಡಿಕೊಳ್ಳುವವರಿಗೆ ಇದು ಚಲೋ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಹಳೆ ಎತ್ತಿನಂತೆ, ನಿಧಾನ, ದಾರಿ ತಪ್ಪುವುದಿಲ್ಲ. ಆದರೆ ಮೊದಲ ದಿನ ಹೂಡಲು ಗೊತ್ತಿರಬೇಕು. ಫೆಡೋರಾ ಆರು ತಿಂಗಳಿಗೊಮ್ಮೆ ಹೊಸದು, ಒಂದೊಂದಕ್ಕೂ ಸುಮಾರು 13 ತಿಂಗಳ ಆಯುಷ್ಯ. ಕೋಡ್ ಬರೆಯುವ ಹುಡುಗರಿಗೆ ಸರಿ, ಅಂಗಡಿಗೆ ಬೇಡ.

ಎರಡೂ ಇರಲಿ ಅಂತ ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಸೇರಿಸುವುದು ಕೆಲಸದ ಮೆಷಿನ್‌ಗೆ ಆಗದು. 2024ರ ಆಗಸ್ಟ್‌ನಲ್ಲಿ ಒಂದು ವಿಂಡೋಸ್ ಅಪ್‌ಡೇಟ್ ಬಂದು, ಹಾಗೆ ಎರಡೂ ಇಟ್ಟುಕೊಂಡಿದ್ದ ಎಷ್ಟೋ ಮೆಷಿನ್‌ಗಳಲ್ಲಿ ಲಿನಕ್ಸ್ ಬೂಟ್ ಆಗುವುದೇ ನಿಂತಿತ್ತು. ಬೇಕೇ ಬೇಕಾದರೆ ಎರಡು ಬೇರೆ ಡಿಸ್ಕ್ ಹಾಕಿ.

ಮ್ಯಾಕ್ ಮಿನಿ: ದುಡ್ಡಿದ್ದವರಿಗೆ, ಒಂದು ಷರತ್ತಿನೊಂದಿಗೆ

ಆಪಲ್‌ನ ಎಂ4 ಚಿಪ್ಪಿನ ಮ್ಯಾಕ್ ಮಿನಿ 2024ರಲ್ಲಿ ಬಂದಾಗ ಇಲ್ಲಿನ ಬೆಲೆ 59,900 ರೂಪಾಯಿಯಿಂದ ಶುರು, 16 ಜಿಬಿ ಮೆಮರಿ, 256 ಜಿಬಿ ಜಾಗ. ಮಾನಿಟರ್, ಕೀಬೋರ್ಡ್ ಬೇರೆ. ದಿನದ ಬಳಕೆಯಲ್ಲಿ ಇದಕ್ಕಿಂತ ತಂಟೆಯಿಲ್ಲದ ಡಬ್ಬಿ ನಾನು ಕಂಡಿಲ್ಲ. ಹಾರ್ಡ್‌ವೇರ್, ಓಎಸ್ ಎರಡೂ ಒಬ್ಬರದ್ದೇ, ಹಾಗಾಗಿ ಡ್ರೈವರ್ ಜಗಳ ಕಡಿಮೆ. ಓಎಸ್ ಇರುವ ಭಾಗಕ್ಕೆ ಮೊಹರು ಹಾಕಿಟ್ಟಿರುತ್ತಾರೆ, ನಾವು ನೀವು ಕೆಡಿಸಲು ಆಗುವುದಿಲ್ಲ. ಸುಮ್ಮನೆ ಆನ್ ಇದ್ದಾಗ ಅದು ತಿನ್ನುವುದು 4 ವ್ಯಾಟ್ ಆಸುಪಾಸು. ಅದೇ 600 ವಿಎ ಯುಪಿಎಸ್ ಮೇಲೆ ದೊಡ್ಡ ಡಬ್ಬಿಗಿಂತ ಎಷ್ಟೋ ಹೆಚ್ಚು ಹೊತ್ತು ನಿಲ್ಲುತ್ತದೆ. ವಿಡಿಯೋ ಎಡಿಟಿಂಗ್, ಲಗ್ನದ ಫೋಟೋ ಆಲ್ಬಂ ಮಾಡುವವರು ಯೋಚಿಸಬಹುದು.

ಷರತ್ತು ಏನೆಂದರೆ, ಟ್ಯಾಲಿ ಇಲ್ಲ, ನುಡಿ ಇಲ್ಲ. ಮೆಮರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಬೋರ್ಡು ಹೋದರೆ ನನ್ನಂಥವನ ಸ್ಕ್ರೂಡ್ರೈವರ್‌ಗೆ ಅಲ್ಲಿ ಕೆಲಸವಿಲ್ಲ. ವಾರಂಟಿ ಮುಗಿದ ಮೇಲೆ ಅದು ದುಬಾರಿ ಮಾತು. ಇಂಟೆಲ್ ಚಿಪ್ಪಿನ ಹಳೆಯ ಮ್ಯಾಕ್ ಕಡಿಮೆಗೆ ಸಿಗುತ್ತದೆ ಅಂತ ಹೋಗಬೇಡಿ. 2025ರಲ್ಲಿ ಬಂದ ಮ್ಯಾಕ್‌ಓಎಸ್ 26 ಇಂಟೆಲ್ ಮೆಷಿನ್‌ಗಳಿಗೆ ಕೊನೆಯದು.

ಕ್ರೋಮ್‌ಓಎಸ್ ಫ್ಲೆಕ್ಸ್: ಮಾಸ್ತರರಿಗೆ

ಬ್ರೌಸರ್ ಬಿಟ್ಟು ಬೇರೇನೂ ಬೇಡ ಅನ್ನುವವರಿಗೆ ಗೂಗಲ್‌ನ ಈ ಓಎಸ್ ಸಾಕು. ಪುಕ್ಕಟೆ, 4 ಜಿಬಿ ರ‍್ಯಾಮ್ ಸಾಕು. ಸಿಸ್ಟಮ್‌ನ ಎರಡು ಪ್ರತಿ ಇಟ್ಟುಕೊಂಡು, ನೀವು ಒಂದನ್ನು ಬಳಸುವಾಗ ಇನ್ನೊಂದನ್ನು ಅಪ್‌ಡೇಟ್ ಮಾಡುತ್ತದೆ. ಹೊಸದು ಏಳದಿದ್ದರೆ ಹಳೆಯದಕ್ಕೆ ವಾಪಸ್. ಇದರಷ್ಟು ಕೆಡದ ಓಎಸ್ ಈ ಪಟ್ಟಿಯಲ್ಲಿ ಇಲ್ಲ, ಇದರಷ್ಟು ಕಡಿಮೆ ಕೆಲಸ ಮಾಡುವುದೂ ಇಲ್ಲ. ಪ್ಲೇ ಸ್ಟೋರ್ ಇಲ್ಲ, ಮೊಬೈಲ್ ಆ್ಯಪ್ ನಡೆಯುವುದಿಲ್ಲ. ಮೆಷಿನ್ ಅವರ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಂಡು ಹಾಕಿ.

ಹಾಗಾದರೆ ಯಾರಿಗೆ ಯಾವುದು?

ದಲಾಲಿ ಅಂಗಡಿ, ಟ್ಯಾಕ್ಸ್ ಕನ್ಸಲ್ಟಂಟ್, ಡಿಎಸ್‌ಸಿ ಟೋಕನ್ ಚುಚ್ಚುವವರು: ವಿಂಡೋಸ್ 11, 8ನೇ ಪೀಳಿಗೆ ಅಥವಾ ಮೇಲಿನದು, ಎಸ್‌ಎಸ್‌ಡಿ, ಯುಪಿಎಸ್. ಬೇರೆ ದಾರಿ ಹುಡುಕಬೇಡಿ. ಟ್ಯಾಲಿ ಬ್ಯಾಕಪ್ ದಿನಾ ಸಂಜೆ ಒಂದು ಪೆನ್‌ಡ್ರೈವ್‌ಗೆ, ಅದು ಮನೆಗೆ ಹೋಗಲಿ.

ಡಿಟಿಪಿ ಅಂಗಡಿ: ಹೊಸ ಕೆಲಸಕ್ಕೆ ವಿಂಡೋಸ್ 11, ಹಳೆಯ ಪೇಜ್‌ಮೇಕರ್ ಫೈಲುಗಳಿಗೆ ನೆಟ್ ಇಲ್ಲದ ಆ ಮೂಲೆಯ ಡಬ್ಬಿ. ಎರಡು ಮೆಷಿನ್ ಅಂದರೆ ಒಂದು ಕೆಟ್ಟ ದಿನ ಇನ್ನೊಂದು ಅನ್ನ ಹಾಕುತ್ತದೆ.

ಝೆರಾಕ್ಸ್, ಆನ್‌ಲೈನ್ ಅರ್ಜಿ ಹಾಕುವ ಅಂಗಡಿ: ಪ್ರಿಂಟರ್ ಒಪ್ಪಿದರೆ ಮಿಂಟ್ ಬಹಳ ಒಳ್ಳೆಯದು. ದಿನಕ್ಕೆ ಐವತ್ತು ಜನರ ಪೆನ್‌ಡ್ರೈವ್ ಚುಚ್ಚುವ ಜಾಗ ಅದು, ವಿಂಡೋಸ್‌ಗೆಂದು ಬರೆದ ವೈರಸ್‌ಗಳು ಮಿಂಟ್‌ನಲ್ಲಿ ಓಡುವುದಿಲ್ಲ. ಪ್ರಿಂಟರ್ ಒಪ್ಪದಿದ್ದರೆ ವಿಂಡೋಸ್.

ಓದುವ ಹುಡುಗರು: ಸೆಕೆಂಡ್ ಹ್ಯಾಂಡ್ ಡಬ್ಬಿ, ಎಸ್‌ಎಸ್‌ಡಿ, ಮಿಂಟ್. ಉಳಿದ ದುಡ್ಡು ಮೆಸ್ಸಿಗೆ. ಕಂಪ್ಯೂಟರ್ ಸೈನ್ಸ್ ಓದುವವರಾದರೆ ಲಿನಕ್ಸ್ ಹೇಗೂ ಕಲಿಯಲೇಬೇಕು.

ಮಗ ಅಮೆರಿಕದಿಂದ ಮಾತಾಡಲಿ, ಪೇಪರ್ ಓದಲಿ, ಪೆನ್ಷನ್ ನೋಡಲಿ ಅನ್ನುವ ಹಿರಿಯರು: ಫ್ಲೆಕ್ಸ್ ಅಥವಾ ಮಿಂಟ್. ಹಾಕಿದ ಮೇಲೆ ಮೊದಲ ವಾರ ದಿನಕ್ಕೆ ಎರಡು ಫೋನ್ ಬರುತ್ತದೆ. ಎರಡನೇ ವಾರದಿಂದ ನಿಲ್ಲುತ್ತದೆ, ನನ್ನ ಅನುಭವ.

ಮನಸ್ಸು ಇನ್ನೂ ಡೋಲಾಯಮಾನ ಆಗಿದ್ದರೆ ಒಂದು ಭಾನುವಾರ ಮಧ್ಯಾಹ್ನ ಹೀಗೆ ಮಾಡಿ. 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಹಾಕಿಸಿಕೊಳ್ಳಿ. ಅದರಿಂದಲೇ ಬೂಟ್ ಮಾಡಿ, 'ಇನ್‌ಸ್ಟಾಲ್' ಒತ್ತಬೇಡಿ. ವೈಫೈ ಹಿಡಿಯಿತಾ ನೋಡಿ. ಒಂದು ಯೂಟ್ಯೂಬ್ ವಿಡಿಯೋ ಹಚ್ಚಿ, ಸದ್ದು ಬಂತಾ ಕೇಳಿ. ನಿಮ್ಮ ಹಳೆಯ ವರ್ಡ್ ಫೈಲ್ ಒಂದನ್ನು ತೆರೆಯಿರಿ. ಆಮೇಲೆ ನಿಮ್ಮ ಪ್ರಿಂಟರ್‌ನಿಂದ ಒಂದು ಹಾಳೆ ಹೊರಗೆ ತೆಗೆಯಿರಿ. ಪಟ್ಟಿಯಲ್ಲಿ ಹೆಸರು ಕಂಡರೆ ಸಾಲದು, ಹಾಳೆ ಕೈಗೆ ಬರಬೇಕು. ಬರಲಿಲ್ಲವಾ? ಶಟ್‌ಡೌನ್ ಮಾಡಿ, ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿ. ನಿಮ್ಮ ವಿಂಡೋಸ್ ಇದ್ದ ಹಾಗೇ ಇರುತ್ತದೆ.